ಕಂದಕದಲ್ಲಿ ಲೀಸ್ಬೆಟ್

ಬಂದೂಕು ಕೆಟ್ಟಿರಲಿ ದೇವರೇ, ಎಂದು ಎಡ್ವಿನ್ ಬೋರಲು ಮಲಗಿಕೊಂಡೇ ಬೇಡಿಕೊಂಡ. ಬೇಡಿಕೊಂಡ ಮೇಲೆ ನಾಚಿಕೆಯಾಯಿತು. ದೇವರನ್ನು ಅವನು ಕೇಳಿಕೊಂಡದ್ದೇ ಕಡಿಮೆ: ದೊಡ್ಡ ಮಗಳ ಜ್ವರ ಇಳಿಯಲಿ ಎಂದು ಒಂದು ಸಲ, ಚಿಕ್ಕವಳು ಅಳು ನಿಲ್ಲಿಸಿ ಮಲಗಲಿ ಎಂದು ನೂರು ಸಲ. ಅವೆಲ್ಲ ಯಾರೂ ಒಪ್ಪುವ ಬೇಡಿಕೆಗಳು. ಇದು ಹಾಗಲ್ಲ. ಮುನ್ನೂರು ಮೀಟರ್ ಆಚೆ, ಗುರಿಹಲಗೆಯ ಕೆಳಗಿನ ಕಂದಕದಲ್ಲಿ, ಗೋಂದಿನ ಡಬ್ಬಿ ಹಿಡಿದು ಅವನ ಹೆಂಡತಿ ಲೀಸ್ಬೆಟ್ ಕೂತಿದ್ದಳು. ಅವಳ ತೀರಿಹೋದ ತಂದೆಯ ಬಂದೂಕಿಗೆ ಕೆನ್ನೆ ಒತ್ತಿಕೊಂಡು, ಆ ಬಂದೂಕು ಹಾಳಾಗಿರಲಿ ಎಂದು ಇವನು ಇಲ್ಲಿ ಪ್ರಾರ್ಥಿಸುತ್ತಿದ್ದ. ಮರದ ಹಿಡಿಯಲ್ಲಿ ಮಾವನ ಕೆನ್ನೆ ಕೂತು ಕೂತು ಒಂದು ತಗ್ಗು ಬಿದ್ದಿತ್ತು. ಅದು ಮಾವನ ದುಂಡು ಕೆನ್ನೆಯ ಅಳತೆ. ಎಡ್ವಿನ್‌ನ ಮೂಳೆ ಎದ್ದ ಕೆನ್ನೆ ಅದರಲ್ಲಿ ಹನ್ನೊಂದು ವರ್ಷದಿಂದ ಬಾಡಿಗೆಗೆ ಇದ್ದ ಹಾಗಿತ್ತು. ಎಣ್ಣೆ, ಪೈಪಿನ ತಂಬಾಕು, ಯಾವುದೋ ಕಾಲದ ಬೆವರು: ಉಸಿರೆಳೆದರೆ ಮಾವ ಒಳಗೆ ಬರುತ್ತಿದ್ದ.

"ನಿದ್ದೆ ಬಂತಾ ಎಡಿ?" ಎಂದ ಫ್ರಿಡಿ ಹಿಂದಿನಿಂದ. ರೈಫಲ್ ಸಂಘದ ಮೇಷ್ಟ್ರು ಅವನು. ಎಪ್ಪತ್ತು ದಾಟಿದೆ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಕಿವಿಯಲ್ಲಿ ಹತ್ತಿ ತುರುಕಿಕೊಂಡು ತೊಡೆಯ ಮೇಲೆ ಅಂಕದ ಪುಸ್ತಕ ಇಟ್ಟುಕೊಂಡಿದ್ದಾನೆ. ಈ ಶೆಡ್ಡಿನಲ್ಲಿ ಎಲ್ಲರಿಗೂ ಏಕವಚನವೇ. ನ್ಯಾಯಾಧೀಶ ಬಂದರೂ, ಅವನ ಕುದುರೆಗೆ ಲಾಳ ಹೊಡೆಯುವವನು ಬಂದರೂ ಚಾಪೆಯ ಮೇಲೆ ಬೋರಲು ಬಿದ್ದರೆ ಇಬ್ಬರೂ 'ನೀನು'.

"ಉಸಿರು ಹಿಡೀತಿದ್ದೀನಿ."

"ಹಿಡಿದದ್ದು ಸಾಕು, ಬಿಡು. ಬಂದೂಕನ್ನ ಮರಳಿನ ಚೀಲದ ಮೇಲೆ ಇಟ್ಟಾಗಿದೆ. ನಿನ್ನ ಕೈ ನಡುಗಿದರೂ ಮರಳು ನಡುಗಲ್ಲ. ಮರಳಿಗೆ ಹೆಂಡತಿ ಇಲ್ಲ."

ಎಡ್ವಿನ್‌ಗೆ ನಗು ಬರಲಿಲ್ಲ. ಜಿಲ್ಲೆಯ ಅಂಗಡಿಗಳ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ಅವನ ಕೆಲಸ. ಹಿತ್ತಾಳೆಯ ಬಟ್ಟುಗಳ ಪೆಟ್ಟಿಗೆ ಹೊತ್ತು ಕಣಿವೆಯ ಮೇಲಿಂದ ಕೆಳಗಿನವರೆಗೆ ಓಡಾಡುತ್ತಾನೆ. ಚೀಸ್ ಮಾರುವ ಹೆಂಗಸರು ಅವನನ್ನು ಕಂಡರೆ ಹೆಬ್ಬೆರಳನ್ನು ತಟ್ಟೆಯಿಂದ ಹಿಂದಕ್ಕೆ ತೆಗೆಯುತ್ತಾರೆ. ಹೋದ ಚಳಿಗಾಲದಲ್ಲಿ ಒಬ್ಬ ಮುದುಕಿಯ ತಕ್ಕಡಿಗೆ ಬೀಗ ಹಾಕಿಸಿದ್ದ. ಅದು ತಪ್ಪು ತೋರಿಸುತ್ತಿತ್ತು ಎಂದಲ್ಲ, ಒಂದೊಂದು ಸಲ ಒಂದೊಂದು ತಪ್ಪು ತೋರಿಸುತ್ತಿತ್ತು ಎಂದು. ಯಾವಾಗಲೂ ಹತ್ತು ಗ್ರಾಂ ಹೆಚ್ಚು ತೋರಿಸುವ ತಕ್ಕಡಿಯನ್ನು ಒಂದು ತಿರುಪು ತಿರುಗಿಸಿ ಸರಿ ಮಾಡಬಹುದು ಅಜ್ಜಿ, ಮನಸ್ಸು ಬಂದ ಹಾಗೆ ಹೇಳುವ ತಕ್ಕಡಿಯನ್ನು ಒಲೆಗೆ ಹಾಕಬೇಕು, ಎಂದು ತಾನೇ ಉಪದೇಶ ಮಾಡಿದ್ದ. ಮುದುಕಿ ಅವನ ಮುಖವನ್ನು ಬಹಳ ಹೊತ್ತು ನೋಡಿ, ಗಂಡಸರನ್ನೂ ಹಾಗೇ ಒಲೆಗೆ ಹಾಕ್ತೀರಾ ಸಾಹೇಬರೇ, ಎಂದಿದ್ದಳು. ಅಂಥ ಎಡ್ವಿನ್ ಮೂರು ವಾರದ ಹಿಂದೆ, ಮಂಗಳವಾರ ಸಂಜೆ, ಜಿಂಕೆಯ ಬೋರ್ಡಿನ ಹೋಟೆಲಿನಲ್ಲಿ ಆರು ಜನರ ಮುಂದೆ ತೂಕವಿಲ್ಲದ ಮಾತೊಂದನ್ನು ಆಡಿಬಿಟ್ಟಿದ್ದ.

ಬೇಕರಿಯವನು ಶುರು ಮಾಡಿದ್ದು. ಜೂನಿನ ಗುರಿಸ್ಪರ್ಧೆ ಹತ್ತಿರ ಬಂದರೆ ಅವನ ಬಾಯಿ ಹೀಗೆ ತೆರೆದುಕೊಳ್ಳುತ್ತದೆ. "ಏನಪ್ಪಾ ಎಡಿ, ಈ ವರ್ಷವಾದರೂ ನಿನ್ನ ಕೋಟಿಗೆ ಪದಕ ಏರುತ್ತೋ, ಇಲ್ಲಾ ಹೆಂಡತಿ ಹೊಲಿದ ಗುಂಡಿಯಲ್ಲೇ ತೃಪ್ತಿಯೋ?" ಎಂದ. ಊರಿನಲ್ಲಿ ಆ ದಿನ ಪದಕ ಚುಚ್ಚಿಕೊಳ್ಳದ ಎದೆ ಪಾದ್ರಿಯದ್ದೊಂದು, ಎಡ್ವಿನ್‌ನದ್ದೊಂದು. ಪಾದ್ರಿ ಹೊಡೆಯುವುದಿಲ್ಲ. ಎಡ್ವಿನ್ ಹನ್ನೊಂದು ವರ್ಷ ಹೊಡೆದಿದ್ದ. ಮಾವ ಬಾಲ್ಟ್ಸ್‌ನ ಪದಕಗಳು ಒಂದು ಡ್ರಾಯರಿನ ತುಂಬ ಇದ್ದವು. ಡ್ರಾಯರು ಎಳೆದರೆ ಚಮಚಗಳ ಹಾಗೆ ಸದ್ದು ಮಾಡುತ್ತಿದ್ದವು. ಮಾವ ಸೇವೆ ಮಾಡಿದ ಸೈನ್ಯಕ್ಕೆ ಹೊಸ ಮಾದರಿಯ ಬಂದೂಕು ಬಂದಾಗ ಹಳೆಯದನ್ನು ಇಟ್ಟುಕೋ ಎಂದು ಅವನಿಗೇ ಬಿಟ್ಟುಕೊಟ್ಟಿದ್ದರು. ಗಂಡುಮಕ್ಕಳಿಲ್ಲದ ಮಾವ ಅದನ್ನು ಅಳಿಯನ ತೊಡೆಯ ಮೇಲಿಟ್ಟು, ಇದು ಸುಳ್ಳು ಹೇಳಲ್ಲ, ಎಂದಷ್ಟೇ ಹೇಳಿದ್ದ. ಸುಳ್ಳು ಹೇಳದ ವಸ್ತುವಿನ ಜೊತೆ ಹನ್ನೊಂದು ವರ್ಷ ಬಾಳುವುದು ಎಷ್ಟು ಕಷ್ಟ ಎಂದು ಮಾವನಿಗೆ ಹೇಗೆ ಗೊತ್ತಾಗಬೇಕು? ಎರಡನೆಯ ಬಿಯರಿನ ನೊರೆ ತುಟಿಯಲ್ಲಿರುವಾಗಲೇ ಎಡ್ವಿನ್ ಹೇಳಿದ: "ಬಂದೂಕು ನೆಟ್ಟಗಿದ್ದರೆ ತಾನೇ? ಅದರ ನಳಿಗೆ ಒಲೆಯ ಹೊಗೆಕೊಳವೆ ಥರ ಸವೆದುಹೋಗಿದೆ. ಅದರಲ್ಲಿ ಯಾರಿಗೂ ಪದಕ ಬರೋಕೆ ಸಾಧ್ಯವಿಲ್ಲ. ಮಾವನಿಗೆ ಬಂದಿದ್ದರೆ, ಕಂದಕದಲ್ಲಿ ಯಾರೋ ಕರುಣೆಯುಳ್ಳವರು ಕೂತಿರಬೇಕು."

ಯಾರೂ ನಗಲಿಲ್ಲ. ಬೇಕರಿಯವನು ಗ್ಲಾಸಿನ ಕೆಳಗಿನ ರಟ್ಟಿನ ಬಿಲ್ಲೆಯನ್ನು ಉಗುರಿನಿಂದ ಕೆರೆಯತೊಡಗಿದ. ಎಡ್ವಿನ್‌ಗೆ ಅರ್ಥವಾದದ್ದು ಮನೆಯ ದಾರಿಯಲ್ಲಿ, ಸೇತುವೆಯ ನಟ್ಟನಡುವೆ. ಒಂಬತ್ತು ಬೇಸಿಗೆ ಕಂದಕದಲ್ಲಿ ಕೂತು ತಂದೆಯ ಗುಂಡು ಬಿದ್ದ ಜಾಗ ತೋರಿಸುತ್ತಿದ್ದವಳು, ಎರಡು ಜಡೆಯ ಹುಡುಗಿ, ಲೀಸ್ಬೆಟ್.

ಮಾರನೆಯ ಬೆಳಿಗ್ಗೆ ಬ್ರೆಡ್ಡಿನ ಜೊತೆಗೇ ಮಾತೂ ಮನೆಗೆ ಬಂದಿತ್ತು. ಅವಳು ಕೂಗಾಡಲಿಲ್ಲ. ಮಕ್ಕಳಿಗೆ ಕಾಲುಚೀಲ ಹಾಕಿದಳು, ಒಣ ಮರಸೇಬು ಹಾಕಿದ ಬ್ರೆಡ್ಡನ್ನು ಅಳೆದ ಹಾಗೆ ಸಮವಾಗಿ ಕೊಯ್ದಳು, ಮಕ್ಕಳನ್ನು ಶಾಲೆಗೆ ಕಳಿಸಿ ಬಾಗಿಲು ಹಾಕಿದಳು. ಆಮೇಲೆ, "ಫ್ರಿಡಿಗೆ ಹೇಳಿದ್ದೀನಿ. ಮೇ ಕೊನೆಯ ಶನಿವಾರ ಪರೀಕ್ಷೆ. ಹತ್ತು ಗುಂಡು, ಮರಳಿನ ಚೀಲದ ಮೇಲಿಂದ. ಕಂದಕಕ್ಕೆ ನಾನೇ ಇಳೀತೀನಿ," ಎಂದಳು.

"ಲೀಸ್, ನಾನು ಏನೋ ತಮಾಷೆಗೆ..."

"ಬಂದೂಕು ಕೆಟ್ಟಿದ್ದರೆ ಅದನ್ನೂ ಅಪ್ಪನ ಪದಕಗಳನ್ನೂ ಒಂದೇ ಚೀಲದಲ್ಲಿ ಕಟ್ಟಿ ಕೆರೆಗೆ ಹಾಕ್ತೀನಿ. ನೆಟ್ಟಗಿದ್ದರೆ ನೀನು ಅವತ್ತೇ ಹೋಟೆಲಿಗೆ ಹೋಗಿ ಅದೇ ಮೇಜಿನ ಮುಂದೆ ನಿಂತು ಹೇಳಬೇಕು."

"ಏನಂತ?"

"ಹೊಡೆಯೋಕೆ ಬಾರದ್ದು ನನಗೆ ಅಂತ. ಬಂದೂಕಿಗಲ್ಲ."

ಈಗ ಚಾಪೆಯ ಮೇಲೆ ಬೋರಲು ಮಲಗಿ ಅವನು ಹಲಗೆಯ ಕಡೆ ನೋಡಿದ. ಮಂಜು ಕಣಿವೆಯಿಂದ ಎದ್ದು ಹೋಗುತ್ತಿತ್ತು. ಪಕ್ಕದೂರಿನಲ್ಲಿ ವಿದ್ಯುತ್ತಿನ ಗುರಿಹಲಗೆ ಹಾಕಿಸಿದ್ದಾರಂತೆ, ಗುಂಡು ಬಿದ್ದಲ್ಲಿ ದೀಪ ಹತ್ತುತ್ತದಂತೆ. ಇಲ್ಲಿ ಇನ್ನೂ ಮನುಷ್ಯರೇ. ಗುಂಡು ಬಿದ್ದ ಕೂಡಲೇ ಕಂದಕದವರು ಹಲಗೆಯನ್ನು ಕೆಳಕ್ಕೆ ಎಳೆದು, ತೂತು ನೋಡಿ, ಅದರ ಮೇಲೆ ಚೀಟಿ ಅಂಟಿಸಿ, ಮತ್ತೆ ಮೇಲಕ್ಕೆ ಏರಿಸಿ, ಉದ್ದ ಕೋಲಿನ ತುದಿಯ ಬಿಳಿ ತಟ್ಟೆಯಿಂದ ಬಿದ್ದ ಜಾಗ ತೋರಿಸುತ್ತಾರೆ. ನಡುಮಧ್ಯಕ್ಕೆ ಬಿದ್ದು ಹತ್ತು ಅಂಕವಾದರೆ ತಟ್ಟೆ ಎರಡು ಸುತ್ತು ತಿರುಗುತ್ತದೆ. ತಪ್ಪಿದರೆ ಕೆಂಪು ಬಾವುಟ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ, ಯಾರಿಗೋ ವಿದಾಯ ಹೇಳಿದ ಹಾಗೆ ಬೀಸುತ್ತದೆ. ಎಡ್ವಿನ್‌ಗೆ ಆ ಬಾವುಟದ ಹೊಲಿಗೆ ಕೂಡ ಪರಿಚಿತ. ಒಂದು ವರ್ಷ ಅದು ಬೀಸಿದಾಗ ಪಕ್ಕದ ಚಾಪೆಯ ಹುಡುಗಿಯೊಬ್ಬಳು ತಾನು ತಪ್ಪಿದೆನೆಂದುಕೊಂಡು ಅತ್ತುಬಿಟ್ಟಿದ್ದಳು; ಅದು ನನ್ನದು ಎಂದು ಇವನು ಹೇಳಿರಲಿಲ್ಲ.

ಉಪಾಯ ಹೊಳೆದದ್ದು ಮೊದಲ ತೋಟಾ ತುಂಬುವಾಗ. ಅಥವಾ ಮೂರು ವಾರದಿಂದ ಒಳಗೇ ಕೂತಿದ್ದು ಈಗ ಕೆಮ್ಮಿತೋ ಏನೋ. ಬಂದೂಕು ಒಂದೊಂದು ಸಲ ಒಂದೊಂದು ಕಡೆ ಹೊಡೆದರೆ ಮುಗಿಯಿತು, ಮುದುಕಿಯ ತಕ್ಕಡಿ. ಮೊದಲನೆಯದು ಎಡ ಮೇಲಿನ ಮೂಲೆಗೆ. ಎರಡನೆಯದು ಬಲ ಮೇಲಿನ ಮೂಲೆಗೆ. ಆಮೇಲೆ ಕೆಳಗಿನ ಎರಡು. ಪದಕಗಳು ಕೆರೆಗೆ ಹೋಗುತ್ತವೆ, ಪಾಪ. ಅವಳನ್ನು ಕೆರೆಯ ದಂಡೆಯಲ್ಲಿ ಹೇಗಾದರೂ ತಡೆದು, ಹೋಗಲಿ ಬಿಡು ಲೀಸ್, ಎಂದು ಕ್ಷಮಿಸುವ ದೃಶ್ಯವನ್ನೂ ಅವನು ನೋಡಿಬಿಟ್ಟ. ಅದರಲ್ಲಿ ತಾನು ತುಂಬ ಉದಾರವಾಗಿ ಕಾಣುತ್ತಿದ್ದ. ನಳಿಗೆಯ ತುದಿಯ ಗುರಿಮುಳ್ಳನ್ನು ಹಿಂದಿನ ಸೀಳಿನಲ್ಲಿ ಕೂರಿಸಿ, ಕಪ್ಪು ವೃತ್ತದಿಂದ ದೂರ ಸರಿದು, ಬಿಳಿ ಕಾಗದದ ಎಡ ಮೂಲೆಯನ್ನು ಹುಡುಕಿ ನಿಲ್ಲಿಸಿದ. ಆಶ್ಚರ್ಯವೆಂದರೆ, ಕಪ್ಪನ್ನು ನೋಡುವಾಗ ಪ್ರತಿ ವರ್ಷ ಕತ್ತಿನ ಹಿಂದೆ ಹರಿದಾಡುವ ಇರುವೆಗಳು ಇವತ್ತು ಇರಲಿಲ್ಲ. ಮೂಲೆಗೆ ಹೊಡೆಯುವವನನ್ನು ಯಾರು ನೋಡುತ್ತಾರೆ? ಬೆರಳು ತಾನಾಗಿ ಮಡಿಸಿಕೊಂಡಿತು. ಬೆಟ್ಟಗಳು ಸದ್ದನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಿದವು.

ಹಲಗೆ ಇಳಿಯಿತು. ಬಹಳ ಹೊತ್ತು ಇಳಿದೇ ಇತ್ತು. ಮತ್ತೆ ಏರಿತು. ಬಿಳಿ ತಟ್ಟೆ ಕಪ್ಪಿನ ನಟ್ಟನಡುವೆ ಬಂದು ಎರಡು ಸುತ್ತು ತಿರುಗಿತು.

"ಹತ್ತು!" ಎಂದ ಫ್ರಿಡಿ. ಪೊರೆಯ ಕಣ್ಣಿಗೆ ಅಷ್ಟು ದೂರದಲ್ಲಿ ಕಾಣುವುದು ಆ ತಟ್ಟೆ, ಆ ಬಾವುಟ ಎರಡೇ. "ನೋಡಿದೆಯಾ, ಬಾಲ್ಟ್ಸ್ ಎದ್ದು ಕೂತ."

ಎಡ್ವಿನ್‌ಗೆ ಮೊದಲು ಬಂದದ್ದು ಗೆದ್ದವನ ಹಿಗ್ಗು. ಹಾಗಾದರೆ ಬಂದೂಕು ನಿಜವಾಗಿಯೂ ಸೊಟ್ಟ! ಮೂಲೆಗೆ ಇಟ್ಟದ್ದು ನಡುವೆ ಹೋಗುತ್ತಿದೆ! ತಾನು ಸುಳ್ಳೆಂದು ಹೇಳಿದ್ದು ನಿಜವಾಗಿತ್ತು. ಆದರೆ ಇದನ್ನು ಹೇಳುವುದು ಹೇಗೆ? ಫ್ರಿಡೀ, ನಾನು ಬೇಕೆಂದೇ ಮೂಲೆಗೆ ಗುರಿ ಇಟ್ಟಿದ್ದೆ, ಎಂದೇ? ಬಲ ಮೂಲೆಗೆ ಎರಡನೆಯದನ್ನು ಹಾರಿಸಿದ. ತಟ್ಟೆ ನಡುವೆ ಎರಡು ಸುತ್ತು. ಎಡ ಮೂಲೆಯದೂ ನಡುವೆ, ಬಲ ಮೂಲೆಯದೂ ನಡುವೆ. ಎಷ್ಟು ಸೊಟ್ಟಗಿದ್ದರೂ ಒಂದು ನಳಿಗೆ ಹೀಗೆ ಎರಡೂ ಕಡೆ ಬಾಗುವುದು ಸಾಧ್ಯವೇ? ತಪ್ಪಿಸುವುದಕ್ಕೂ ತನಗೆ ಬರುವುದಿಲ್ಲವೇ? ಮೂರನೆಯದು, ನಾಲ್ಕನೆಯದು, ಕೆಳಗಿನ ಎರಡು ಮೂಲೆಗೆ. ಎರಡು ಸುತ್ತು, ಎರಡು ಸುತ್ತು. ಫ್ರಿಡಿ ಪ್ರತಿ ಹತ್ತನ್ನೂ ಪೆನ್ಸಿಲನ್ನು ನಾಲಗೆಗೆ ತಾಕಿಸಿ ಬರೆದ. ಎಡ್ವಿನ್ ಮತ್ತೆ ನಾಲ್ಕು ಮೂಲೆ ಸುತ್ತಿ ಬಂದ. ಎಂಟು ಗುಂಡು, ಎಂಟು ಹತ್ತು. ತಟ್ಟೆ ತಿರುಗುವ ರೀತಿಯಲ್ಲಿ ಏನೋ ಪರಿಚಿತವಾದದ್ದಿತ್ತು. ದೋಸೆಯಂಥ ಆ ತೆಳ್ಳನೆಯ ರೊಟ್ಟಿಗಳನ್ನು ಕಾವಲಿಯಲ್ಲಿ ಮಗುಚುವಾಗ, ಮಕ್ಕಳ ಮುಂದೆ ಸ್ವಲ್ಪ ಪ್ರದರ್ಶನ ಬೇಕೆನಿಸಿದಾಗ, ಲೀಸ್ಬೆಟ್‌ಳ ಮಣಿಕಟ್ಟು ಹೀಗೇ ತಿರುಗುತ್ತದೆ.

ತಟ್ಟೆ ಹೇಳುತ್ತಿರುವುದು ಗುಂಡಿನ ಮಾತೋ, ಅವಳ ಮಾತೋ?

ಒಂಬತ್ತನೆಯದಕ್ಕೆ ಅವನು ಹಲಗೆಯನ್ನೇ ಬಿಟ್ಟ. ಹಲಗೆಯ ಕೆಳಗೆ, ಕಂದಕದ ಮುಂದೆ ಏರಿಹಾಕಿದ ಮಣ್ಣಿನ ದಿಬ್ಬ, ಅದರ ಮೇಲೆ ಹಳದಿ ಹೂವಿನ ಒಂದು ಪೊದೆ. ಆರು ಅಡಿ ದಪ್ಪದ ಮಣ್ಣು, ಅದರ ಹಿಂದೆ ಕಾಂಕ್ರೀಟು, ಫಿರಂಗಿ ಹಾರಿಸಿದರೂ ಅವಳಿಗೇನೂ ಆಗದು. ತಾನೇ ನಾಲ್ಕು ಸಲ ಆ ಕಂದಕದಲ್ಲಿ ಕೂತು ಮರಸೇಬಿನ ಬ್ರೆಡ್ಡು ತಿಂದಿದ್ದಾನೆ. ಆದರೂ ಗುರಿಯ ಮುಳ್ಳು ಹಳದಿ ಹೂವಿಗೆ ಇಳಿದಾಗ, ಹೆಂಡತಿ ಇರುವ ಕಡೆಗೆ ಬಂದೂಕು ಇಟ್ಟವನು ಎಂಬ ಮಾತೊಂದು ಅವನ ಮೇಲೆ ಬಂದು ಕೂತಿತು. ಹಾರಿಸಿದ. ಪೊದೆ ಹಾರಿ, ಮಣ್ಣು ಕಾರಂಜಿಯ ಹಾಗೆ ಎದ್ದು ಕಂದಕದೊಳಕ್ಕೆ ಸುರಿಯಿತು. ಫ್ರಿಡಿ ಪೆನ್ಸಿಲು ನೆಕ್ಕುತ್ತಿದ್ದ.

ಹಲಗೆ ಇಳಿಯಲೇ ಇಲ್ಲ. ಯಾಕೆ ಇಳಿಯಬೇಕು, ಅದಕ್ಕೆ ತೂತೇ ಬಿದ್ದಿಲ್ಲವಲ್ಲ. ಎಡ್ವಿನ್ ಉಸಿರು ಬಿಡದೆ ಕಾದ. ಆಗ ಏನೋ ನೆನಪಾದ ಹಾಗೆ ಹಲಗೆ ಧಡಕ್ಕನೆ ಇಳಿಯಿತು, ಏರಿತು. ತಟ್ಟೆ ನಡುಮಧ್ಯಕ್ಕೆ ಬಂತು. ಒಂದು ಸುತ್ತು. ಎರಡು ಸುತ್ತು. ಮೇಲೆ ಇನ್ನೊಂದು ಅರ್ಧ ಸುತ್ತು.

"ಒಂಬತ್ತಕ್ಕೆ ಒಂಬತ್ತು!" ಫ್ರಿಡಿಯ ದನಿ ಒಡೆಯಿತು. ಕಂದಕದಿಂದ ಶೆಡ್ಡಿಗೆ ಎಳೆದ ಫೋನು ಗಿರ್ರೆಂದಿತು. ಅವನು ಎತ್ತಿಕೊಂಡು, "ಹೂಂ ಲೀಸ್ಬೆಟ್... ಹೂಂ, ಹೇಳ್ತೀನಿ," ಎಂದು ಇಟ್ಟ. "ಕೊನೆಯದನ್ನ ಸ್ವಲ್ಪ ನೋಡಿ ಹೊಡಿ ಅಂತ ಹೇಳಿದಳು."

ಎಡ್ವಿನ್ ಬಂದೂಕಿನ ಮೇಲೆ ಹಣೆ ಇಟ್ಟ. ಅವಳಿಗೆ ಎಲ್ಲ ಗೊತ್ತು. ಪ್ರತಿ ಮೂಲೆಯ ತೂತನ್ನೂ ಅವಳೇ ಮುಚ್ಚಿದ್ದಾಳೆ. ಇವನು ಅಪ್ಪನ ಬಂದೂಕಿಗೆ ಕೆಟ್ಟ ಹೆಸರು ತರಲು ಮೂಲೆ ಸುತ್ತುತ್ತಿದ್ದರೆ, ಅವಳು ಅಪ್ಪನ ಹೆಸರು ಉಳಿಸಲು ತಟ್ಟೆ ಸುತ್ತಿಸುತ್ತಿದ್ದಾಳೆ. ಅವಳ ಮೋಸವನ್ನು ಹೇಳಲು ಬಾಯಿ ತೆರೆದರೆ ತನ್ನ ಮೋಸವೇ ಮೊದಲು ಹೊರಗೆ ಬೀಳುತ್ತದೆ. ಮುನ್ನೂರು ಮೀಟರಿನ ಹುಲ್ಲಿನ ಆ ತುದಿ ಈ ತುದಿಯಲ್ಲಿ ಇಬ್ಬರು ಕಳ್ಳರು, ನಡುವೆ ಕಣ್ಣು ಕಾಣದ ಸಾಕ್ಷಿ. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ತಾವಿಬ್ಬರೂ ಇಷ್ಟು ಒಮ್ಮತದಿಂದ ಒಂದು ಕೆಲಸ ಮಾಡಿದ್ದಿಲ್ಲ ಎನ್ನಿಸಿತು. ನಗು ಬಂತು. ನಗು ಇಳಿದ ಮೇಲೆ ಮೈ ಹಗುರವಾಗಿತ್ತು. ಉಳಿದ ಒಂದು ತೋಟಾವನ್ನು ತುಂಬಿ, ಏನೂ ಯೋಚಿಸದೆ, ಕಪ್ಪಿನ ನಡುವಿಗೆ ಇಟ್ಟು ಹಾರಿಸಿದ. ಗುಂಡು ಹೋದ ದಾರಿ ಹಲ್ಲಿಗೇ ಗೊತ್ತಾಯಿತು. ಇದು ಹೋಯಿತು. ಇದು ನಿಜವಾಗಿಯೂ ನಡುವಿಗೇ ಹೋಯಿತು.

ಹಲಗೆ ಇಳಿಯಿತು, ಏರಿತು. ಕೆಂಪು ಬಾವುಟ ಆ ಕಡೆಯಿಂದ ಈ ಕಡೆಗೆ ಬೀಸಿತು.

"ಸೊನ್ನೆ," ಎಂದ ಫ್ರಿಡಿ, ಸಮಾಧಾನದ ನಿಟ್ಟುಸಿರು ಬಿಟ್ಟು. "ಅಲ್ಲಿಗೆ ಲೆಕ್ಕ ಸರಿಹೋಯ್ತು. ಒಂಬತ್ತು ಬಂದೂಕು ಹೊಡೆದದ್ದು. ಹತ್ತನೆಯದು ನೀನು."

ಲೀಸ್ಬೆಟ್ ಹುಲ್ಲಿನ ಮೇಲೆ ನಿಧಾನವಾಗಿ ನಡೆದು ಬಂದಳು. ಸುತ್ತಿದ ಗುರಿಕಾಗದ ಏಪ್ರನ್ನಿನ ಜೇಬಿನಲ್ಲಿತ್ತು. ತಲೆಕೂದಲಲ್ಲಿ, ಹುಬ್ಬಿನಲ್ಲಿ, ಕಾಲರಿನ ಮಡಿಕೆಯಲ್ಲಿ ಮಣ್ಣು. ಕಿವಿಯ ಹಿಂದೆ ಒಂದು ಹಳದಿ ಎಸಳು ಸಿಕ್ಕಿಕೊಂಡಿತ್ತು. ಹತ್ತಿರ ಬಂದಾಗ ಫ್ರಿಡಿಗೂ ಕಂಡಿತು. "ಏನಮ್ಮಾ ಇದು ತಲೆಯಲ್ಲಿ?"

"ಕಂದಕದಲ್ಲಿ ಹೆಗ್ಗಣ ಸೇರಿಕೊಂಡಿದೆ ಫ್ರಿಡಿ. ಮೇಲೆಲ್ಲ ಕೆದಕಿತು."

"ದೊಡ್ಡದಾ?"

"ಇಷ್ಟುದ್ದ," ಎಂದು ಅವಳು ಗಂಡನ ಎತ್ತರಕ್ಕೆ ಕೈ ತೋರಿಸಿದಳು. "ಮೀಸೆ ಇತ್ತು."

ಫ್ರಿಡಿ ಗುರಿಕಾಗದವನ್ನು ಹೋಟೆಲಿನ ಕನ್ನಡಿಯ ಪಕ್ಕ ತೂಗುಹಾಕೋಣ, ಕೊಡು ಎಂದ. ಗೋಂದು ಚೆಲ್ಲಿತು, ಅದರಿಂದಲೇ ಒರೆಸಿದೆ, ಎಂದು ಅವಳು ಜೇಬಿನ ಮೇಲೆ ಕೈ ಇಟ್ಟುಕೊಂಡಳು. ಫ್ರಿಡಿ ಸೈಕಲ್ಲು ಹತ್ತಿ ಸುದ್ದಿಯೊಂದಿಗೆ ಮುಂದೆ ಹೋದ. ಇವರಿಬ್ಬರು ಹಿಂದೆ ಉಳಿದರು. ಬಂದೂಕು ಎಡ್ವಿನ್‌ನ ಹೆಗಲಲ್ಲಿತ್ತು. ಇಷ್ಟು ಭಾರ ಅದು ಯಾವತ್ತೂ ಇರಲಿಲ್ಲ. ದಾರಿಯ ಪಕ್ಕದ ಕಲ್ಲುಕಟ್ಟೆಯ ಹತ್ತಿರ ಅವಳು ನಿಂತು, ಕಾಗದವನ್ನು ಬಿಡಿಸಿ ಕಟ್ಟೆಯ ಮೇಲೆ ಹಾಸಿದಳು. ನಾಲ್ಕು ಮೂಲೆಯಲ್ಲಿ ನಾಲ್ಕು ಬಿಳಿ ಚೀಟಿ. ನಾಲ್ಕೇ, ಒಂದೊಂದರ ಅಡಿಯಲ್ಲಿ ಎರಡೆರಡು ತೂತು, ಒಂದಕ್ಕೊಂದು ತಾಕಿಕೊಂಡು. ಕರವಸ್ತ್ರಕ್ಕೆ ಕಸೂತಿ ಹಾಕಿದ ಹಾಗೆ.

"ಅಪ್ಪನ ಕೈಯಲ್ಲೂ ಇದು ಆಗ್ತಿರಲಿಲ್ಲ," ಎಂದಳು. ದನಿಯಲ್ಲಿ ಮುನಿಸಿತ್ತೋ ಮೆಚ್ಚುಗೆಯಿತ್ತೋ. "ಇಷ್ಟು ಚೆನ್ನಾಗಿ ತಪ್ಪಿಸೋಕೆ ಎಲ್ಲಿ ಕಲಿತೆ?"

ಅವನ ಕಣ್ಣು ಮೂಲೆಗಳಲ್ಲಿರಲಿಲ್ಲ. ಕಪ್ಪು ವೃತ್ತದ ನಟ್ಟನಡುವೆ, ಕಪ್ಪಿನಲ್ಲಿ ಕಪ್ಪಾಗಿ, ಇನ್ನೂ ಹಸಿಯಾಗಿದ್ದ ಒಂದು ಚೀಟಿ. ಬೆರಳಿನಿಂದ ಮುಟ್ಟಿದ. ಅಡಿಯಲ್ಲಿ ತೂತು.

"ಲೀಸ್, ಇದು ಹತ್ತು."

"ಹೂಂ."

"ಇದೊಂದೇ ನಿಜವಾದ ಹತ್ತು! ಹನ್ನೊಂದು ವರ್ಷಕ್ಕೆ ಒಂದು! ಅದಕ್ಕೆ ನೀನು ಬಾವುಟ ಬೀಸಿದೆಯಾ?"

"ಹತ್ತಕ್ಕೆ ಹತ್ತೂ ಹತ್ತು ಅಂದರೆ ಯಾರು ನಂಬ್ತಾರೆ ಎಡಿ? ಫ್ರಿಡಿಗೆ ಪೊರೆ ಇರೋದು ಕಣ್ಣಿಗೆ, ಬುದ್ಧಿಗಲ್ಲ." ಅವಳು ಕಾಗದವನ್ನು ಮತ್ತೆ ಸುತ್ತಿದಳು. "ಎಲ್ಲೋ ಒಂದು ಕಡೆ ಸೊನ್ನೆ ಹಾಕಲೇಬೇಕಿತ್ತು. ನೀನು ಒಂಬತ್ತು ಸಲ ಕೇಳಿದೆ, ನಾನು ಕೊಡಲಿಲ್ಲ. ಕೇಳದೇ ಇದ್ದಾಗ ಕೊಟ್ಟೆ."

ಸೇತುವೆಯವರೆಗೆ ಅವನು ಅವಳ ಹಿಂದೆಯೇ ನಡೆದ. ಆಮೇಲೆ ಹಿಂದಿನಿಂದ ಕೇಳಿದ: "ನಿಮ್ಮಪ್ಪನಿಗೂ ಹೀಗೇ ತೋರಿಸ್ತಿದ್ದೆಯಾ?"

"ಅಪ್ಪನಿಗೆ ಅದರ ಅಗತ್ಯವೇ ಬೀಳಲಿಲ್ಲ," ಎಂದಳು ಅವಳು ತಿರುಗದೆಯೇ. ನಾಲ್ಕು ಹೆಜ್ಜೆ ನಡೆದ ಮೇಲೆ ಸೇರಿಸಿದಳು: "ಮಂಜು ಬಿದ್ದ ದಿನ ಬಿಟ್ಟು."

ಈ ಕಣಿವೆಯಲ್ಲಿ ಮಂಜು ಬೀಳದ ದಿನ ವರ್ಷಕ್ಕೆ ಎಷ್ಟು ಎಂದು ಎಣಿಸುತ್ತಲೇ ಎಡ್ವಿನ್ ಹೋಟೆಲಿನ ಬಾಗಿಲು ತಳ್ಳಿದ. ಅದೇ ಮೇಜು, ಅದೇ ಆರು ಜನ, ಕೊನೆಯಲ್ಲಿ ಫ್ರಿಡಿ. ಅವನು ಆಗಲೇ ಎಲ್ಲ ಹೇಳಿ ಮುಗಿಸಿ ಒಂದು ಗ್ಲಾಸು ಇಳಿಸಿಯೂ ಆಗಿತ್ತು. ಲೀಸ್ಬೆಟ್ ಹೋಗಿ ಬೇಕರಿಯವನ ಕುರ್ಚಿಯ ಹಿಂದೆ, ಎಲ್ಲರ ಬೆನ್ನಿಗೆ, ಎಡ್ವಿನ್‌ನ ಎದುರಿಗೆ ನಿಂತುಕೊಂಡಳು. ಎಲ್ಲರೂ ಅವನನ್ನು ನೋಡಿದರು. ಇರುವೆಗಳು ಕತ್ತಿನ ಹಿಂದೆ ಬಂದವು. ಇಡೀ ಜಿಲ್ಲೆಯಲ್ಲಿ ಸರಿಯಾದ ತೂಕಕ್ಕೆ ಮುದ್ರೆ ಒತ್ತುವ ತಾನು, ಮೂರು ವಾರದ ಹಿಂದೆ ಇಲ್ಲಿ ಆಡಿದ್ದು ಸುಳ್ಳು. ಈಗ ಅದನ್ನು ತಿದ್ದಲು ಆಡಬೇಕಾದದ್ದೂ ಸುಳ್ಳೇ, ಇವತ್ತು ಬೆಳಿಗ್ಗೆ ಇಟ್ಟಲ್ಲೆಲ್ಲ ಗುಂಡು ಬಿದ್ದಾಗಿನಿಂದ. ನಿಜ ಆ ಏಪ್ರನ್ನಿನ ಜೇಬಿನಲ್ಲಿ ಸುತ್ತಿಕೊಂಡು ಕೂತಿತ್ತು.

"ಏನೋ ಹೇಳಬೇಕಂತಲ್ಲ ಎಡಿ," ಎಂದ ಬೇಕರಿಯವನು, ಆಗಲೇ ಹಲ್ಲು ಕಾಣಿಸುತ್ತ.

"ಹೂಂ." ಎಡ್ವಿನ್ ಬಂದೂಕನ್ನು ಹೆಗಲಿನಿಂದ ಇಳಿಸಿ ಮೇಜಿಗೆ ಒರಗಿಸಿದ. "ಮಾವನ ಬಂದೂಕು ನೆಟ್ಟಗಿದೆ. ಹೊಡೆಯೋಕೆ ಬಾರದ್ದು ನನಗೆ."

ಮೇಜು ಸಿಡಿಯಿತು. ಯಾರೋ ಬೆನ್ನು ತಟ್ಟಿದರು, ಯಾರೋ ಬಿಯರು ತರಿಸಿದರು. ಬೇಕರಿಯವನು ಕಣ್ಣೊರೆಸಿಕೊಂಡು ನಗುತ್ತಿದ್ದ. ಆ ಗದ್ದಲದಲ್ಲಿ, ಎಲ್ಲರ ತಲೆಯ ಮೇಲಿಂದ, ಕೂದಲಲ್ಲಿ ಇನ್ನೂ ಮಣ್ಣಿದ್ದ ಲೀಸ್ಬೆಟ್ ಗ್ಲಾಸಿನ ಕೆಳಗಿನ ದುಂಡು ರಟ್ಟಿನ ಬಿಲ್ಲೆಯೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ಅವನನ್ನೇ ನೋಡುತ್ತ, ಮಣಿಕಟ್ಟು ಮಾತ್ರ ಆಡಿಸಿ, ನಿಧಾನವಾಗಿ ಎರಡು ಸುತ್ತು ತಿರುಗಿಸಿದಳು.